ಬಿಸಿಲು ನಾಡಿನಿಂದ ಕಿಲಿಮಂಜಾರೋಗೆ: ಕಲಬುರಗಿ, ಬೀದರ್, ಯಾದಗಿರಿಯವರು ತಯಾರಾಗುವುದು ಹೇಗೆ

ಕಿಲಿಮಂಜಾರೋ ಹತ್ತಬೇಕು ಅಂದರೆ ನಮ್ಮ ಕಡೆ ಜನ ಮೊದಲು ಹೇಳುವುದು ಒಂದೇ ಮಾತು: "ಅದು ಆಫ್ರಿಕಾ ಅಲ್ವಾ, ಬಿಸಿಲಿನ ದೇಶ. ಕಲಬುರಗಿ ಬಿಸಿಲು ಕಂಡವರಿಗೆ ಅದೇನು ಮಹಾ?" ತಯಾರಿ ಶುರುವಾಗಬೇಕಾದದ್ದು ಈ ಮಾತನ್ನು ತಲೆಯಿಂದ ತೆಗೆಯುವುದರಿಂದ. ಬೆಟ್ಟ ಇರುವುದು ತಾಂಜಾನಿಯಾದಲ್ಲಿ, ಸಮಭಾಜಕ ವೃತ್ತದಿಂದ ಬರೀ 3 ಡಿಗ್ರಿ ದಕ್ಷಿಣಕ್ಕೆ, ನಿಜ. ಆದರೆ ತುದಿಯ ಎತ್ತರ 5,895 ಮೀಟರ್. ಮೇಲೆ ಹೋದಂತೆಲ್ಲ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಂಪಾಗುತ್ತದೆ. ಕಲಬುರಗಿ ಇರುವುದು ಸುಮಾರು 450 ಮೀಟರಿನಲ್ಲಿ. ಲೆಕ್ಕ ಹಾಕಿ ನೋಡಿ, ನಮ್ಮೂರಿಗೂ ಆ ತುದಿಗೂ 35 ಡಿಗ್ರಿ ಅಂತರ. ರಾತ್ರಿ ಅಲ್ಲಿ ಮೈನಸ್ 10 ಸಾಮಾನ್ಯ, ಗಾಳಿ ಬೀಸಿದರೆ ಇನ್ನೂ ಜಾಸ್ತಿ ಚಳಿ.

ಇನ್ನೊಂದು ವಿಷಯ ಗಾಳಿಯದು. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಅಂದರೆ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಹೆಚ್ಚುಕಡಿಮೆ ಅರ್ಧ. ಇದಕ್ಕೆ ಕಲಬುರಗಿಯಲ್ಲಿ ಕೂತು ತಯಾರಿ ಮಾಡಲು ಆಗುವುದಿಲ್ಲ, ಜಿಮ್ಮಿಗೆ ಹೋದರೂ ಅಷ್ಟೇ, ಓಡಿದರೂ ಅಷ್ಟೇ. ದೇಹ ಆ ಗಾಳಿಗೆ ಹೊಂದಿಕೊಳ್ಳುವುದು ಆ ಬೆಟ್ಟದ ಮೇಲೆಯೇ, ಅದಕ್ಕೆ ಬೇಕಾದದ್ದು ದಿನಗಳು. ಅದಕ್ಕೇ ಹೇಳುತ್ತೇನೆ, ನಿಮ್ಮ ಹತ್ತಿರ ಇರುವ ಹಣವನ್ನು ದುಬಾರಿ ಜಾಕೆಟ್ಟಿಗೆ, ಶೂಗೆ ಸುರಿಯುವ ಮೊದಲು ಬೆಟ್ಟದ ಮೇಲೆ ಇನ್ನೊಂದು ದಿನ, ಸಾಧ್ಯವಾದರೆ ಎರಡು ದಿನ ಕೊಂಡುಕೊಳ್ಳಿ. ಈ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಯಾವ ದಾರಿ, ಎಷ್ಟು ದಿನ

ಹತ್ತಲು ಹಲವು ದಾರಿಗಳಿವೆ: ಮರಂಗು, ಮಚಾಮೆ, ಲೆಮೋಶೋ, ರೊಂಗಾಯ್, ಉಂಬ್ವೆ. ಏಜೆಂಟರು ಮೊದಲು ತೋರಿಸುವುದು ಮರಂಗು, ಯಾಕೆಂದರೆ ಅಗ್ಗ, ಐದು ದಿನಕ್ಕೆ ಮುಗಿಯುತ್ತದೆ, ಮಲಗಲು ಟೆಂಟಿನ ಬದಲು ಕಟ್ಟಿಗೆಯ ಮನೆ, ಮಂಚ ಇರುತ್ತದೆ. ಕೇಳಲು ಚೆಂದ. ಆದರೆ ಎತ್ತರ ನೋಡಿ. ಮೊದಲ ರಾತ್ರಿ ಮಂದಾರಾ, ಸುಮಾರು 2,700 ಮೀಟರ್. ಎರಡನೇ ರಾತ್ರಿ ಹೊರೊಂಬೊ, 3,720. ಮೂರನೇ ರಾತ್ರಿ ಕಿಬೊ, ಸುಮಾರು 4,700. ಅಲ್ಲಿಂದ ಅದೇ ಮಧ್ಯರಾತ್ರಿ ಎದ್ದು ತುದಿಗೆ. ಪ್ರತಿ ದಿನ ಸಾವಿರ ಮೀಟರ್! 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು ಅಂತ ವೈದ್ಯರು ಹೇಳುವ ಕಡೆ ಇದು ಅದರ ಎರಡು ಪಟ್ಟು. ಬಹಳ ಜನ ತಲೆನೋವು, ವಾಂತಿಯಿಂದ ಕಿಬೊದಲ್ಲೇ ಸೋಲುವುದು ಇದೇ ಕಾರಣಕ್ಕೆ. ಮರಂಗುವೇ ಬೇಕು ಅಂದರೆ ಹೊರೊಂಬೊದಲ್ಲಿ ಒಂದು ದಿನ ಹೆಚ್ಚಿಗೆ ನಿಂತು ಆರು ದಿನ ಮಾಡಿ.

ನನ್ನನ್ನು ಕೇಳಿದರೆ ಬಯಲುಸೀಮೆಯವರಿಗೆ ಲೆಮೋಶೋ ಎಂಟು ದಿನ, ಅಷ್ಟು ಆಗದಿದ್ದರೆ ಮಚಾಮೆ ಏಳು ದಿನ. ಈ ಎರಡೂ ದಾರಿಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಒಂದು ದಿನ ಮಧ್ಯಾಹ್ನ ಸುಮಾರು 4,600 ಮೀಟರಿನ ಲಾವಾ ಟವರ್ ತನಕ ಹತ್ತಿಸಿ, ಅಲ್ಲಿ ಊಟ ಮಾಡಿಸಿ, ರಾತ್ರಿ ಮಲಗಲು ಸುಮಾರು 3,950 ಮೀಟರಿನ ಬರಾಂಕೊಗೆ ಇಳಿಸುತ್ತಾರೆ. ಮೇಲೆ ಹೋಗಿ ಕೆಳಗೆ ಬಂದು ಮಲಗುವುದು, ದೇಹ ಹೊಂದಿಕೊಳ್ಳಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಲಾವಾ ಟವರ್ ಹತ್ತಿರ ತಲೆ ಸಿಡಿಯುತ್ತದೆ, ಊಟ ಸೇರುವುದಿಲ್ಲ, "ನನ್ನ ಕೈಲಿ ಆಗಲ್ಲ" ಅನ್ನಿಸುತ್ತದೆ. ಬರಾಂಕೊಗೆ ಇಳಿದ ಒಂದೆರಡು ತಾಸಿನಲ್ಲಿ ಬಹಳಷ್ಟು ಜನರಿಗೆ ಅದು ಕಡಿಮೆಯಾಗುತ್ತದೆ, ಹೆದರಬೇಡಿ.

ಉಂಬ್ವೆ ಕಡಿದಾದ ದಾರಿ, ಮೊದಲ ಸಲ ಹೋಗುವವರಿಗೆ ಬೇಡ. ರೊಂಗಾಯ್ ಉತ್ತರದಿಂದ, ಕೀನ್ಯಾ ಗಡಿ ಕಡೆಯಿಂದ ಹತ್ತುತ್ತದೆ, ಆ ಕಡೆ ಮಳೆ ಕಡಿಮೆ.

ಪಾರ್ಕಿನ ಶುಲ್ಕ ದಿನದ ಲೆಕ್ಕ, ಅದೂ ಡಾಲರಿನಲ್ಲಿ. ಹಾಗಾಗಿ ದಿನ ಹೆಚ್ಚಾದರೆ ಖರ್ಚು ಹೆಚ್ಚುತ್ತದೆ. ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ, ಕಡ್ಡಾಯ.

ಯಾವಾಗ ಹೋಗಬೇಕು

ನಮ್ಮಲ್ಲಿ ರಜೆ ಅಂದರೆ ಏಪ್ರಿಲ್, ಮೇ. ಕಿಲಿಮಂಜಾರೋದಲ್ಲಿ ಮಾರ್ಚ್ ಕೊನೆಯಿಂದ ಮೇ ತನಕ ದೊಡ್ಡ ಮಳೆಗಾಲ. ಆಗ ಹೋಗಬೇಡಿ, ಟಿಕೆಟ್ ಎಷ್ಟೇ ಅಗ್ಗ ಇರಲಿ. ದೀಪಾವಳಿ ರಜೆಗೆ ಹೊಂದಿಸಿ ನವೆಂಬರಿನಲ್ಲಿ ಹೋದರೆ ಅಲ್ಲಿ ಸಣ್ಣ ಮಳೆಗಾಲ. ಉಳಿಯುವುದು ಎರಡು ಕಾಲ: ಜನವರಿಯಿಂದ ಮಾರ್ಚ್ ಮೊದಲ ವಾರಗಳು, ಜೂನ್ ಕೊನೆಯಿಂದ ಅಕ್ಟೋಬರ್.

ನಮಗೆ ಫೆಬ್ರವರಿ ಸರಿಯಾದದ್ದು, ಕಾರಣ ಅಲ್ಲಿಯದಲ್ಲ, ಇಲ್ಲಿಯದು. ಫೆಬ್ರವರಿಗೆ ಹೋಗಬೇಕಾದರೆ ತಾಲೀಮು ಅಕ್ಟೋಬರಿನಿಂದ ಜನವರಿ ತನಕ, ಅದು ನಮ್ಮೂರಲ್ಲಿ ಹೊರಗೆ ತಾಸುಗಟ್ಟಲೆ ನಡೆಯಬಹುದಾದ ಒಂದೇ ಕಾಲ. ಜುಲೈಗೆ ಹೋಗುವವರು ಮಾರ್ಚಿನಿಂದ ಜೂನ್ ತನಕ 42, 43 ಡಿಗ್ರಿಯಲ್ಲಿ ತಯಾರಾಗಬೇಕು. ಬೆಳಗ್ಗೆ ನಾಲ್ಕೂವರೆಗೆ ಎದ್ದು ಏಳರೊಳಗೆ ಮನೆ ಸೇರುವ ಶಿಸ್ತು ಇದ್ದರೆ ಮಾತ್ರ ಅದು ಸಾಧ್ಯ.

ಗುಡ್ಡವೇ ಇಲ್ಲದ ಊರಿನಲ್ಲಿ ತಾಲೀಮು

ಕಲಬುರಗಿ ಸುತ್ತ ಎರಿ ಹೊಲ, ತೊಗರಿ, ಕಣ್ಣು ಹಾಯಿಸಿದಷ್ಟು ಸಪಾಟು. ಆದರೂ ತಾಲೀಮಿಗೆ ಜಾಗ ಇವೆ. ವಾರದ ದಿನಗಳಲ್ಲಿ ಮೆಟ್ಟಿಲು ಸಾಕು. ಕ್ರೀಡಾಂಗಣದ ಮೆಟ್ಟಿಲು ಆಗಬಹುದು, ನಿಮ್ಮ ಆಫೀಸಿನ ಮೂರು ಮಹಡಿ ಆಗಬಹುದು, ಅಪಾರ್ಟ್‌ಮೆಂಟಿನ ಮೆಟ್ಟಿಲೂ ಆಗುತ್ತದೆ. ಬೆನ್ನಿಗೆ ಚೀಲ ಹಾಕಿ, ಮೊದಲ ತಿಂಗಳು ಮೂರು ಕಿಲೋ, ಆಮೇಲೆ ನಿಧಾನವಾಗಿ ಆರೇಳು ಕಿಲೋ. ತೂಕಕ್ಕೆ ಮನೆಯ ತೊಗರಿಬೇಳೆ ಚೀಲ ಹಾಕಿಕೊಂಡರಾಯಿತು. ಗುಡ್ಡಕ್ಕೆ ಹೋದಾಗ ಮಾತ್ರ ಬೇಳೆ ಬೇಡ, ನೀರಿನ ಬಾಟಲಿ ಹೊತ್ತುಕೊಳ್ಳಿ. ಹತ್ತುವಾಗ ತೂಕ ಇರುತ್ತದೆ, ಮೇಲೆ ಹೋದ ಮೇಲೆ ಗಿಡಕ್ಕೆ ಸುರಿದು ಹಗುರಾಗಿ ಇಳಿಯಬಹುದು, ಮೊಣಕಾಲು ಉಳಿಯುತ್ತದೆ.

ವಾರದ ಕೊನೆಗೆ ಯಾದಗಿರಿಗೆ ಹೋಗಿ. ರೈಲು ಹತ್ತಿದರೆ ಮುಂಜಾನೆಯೇ ಮುಟ್ಟಬಹುದು. ಊರಿಗೆ ಅಂಟಿಕೊಂಡೇ ಇರುವ ಗುಡ್ಡದ ಮೇಲೆ ಕೋಟೆ ಇದೆ, ಕಲ್ಲು ಮೆಟ್ಟಿಲು, ದೊಡ್ಡ ದೊಡ್ಡ ಬಂಡೆ, ಒಂದರ ಹಿಂದೆ ಒಂದು ಬಾಗಿಲು. ಒಂದು ಸಲ ಹತ್ತಿ ಫೋಟೋ ತೆಗೆದು ಬರುವುದಕ್ಕೆ ಹೋಗಬೇಡಿ. ಹತ್ತಿ, ಇಳಿದು, ಮತ್ತೆ ಹತ್ತಿ, ಬಿಸಿಲು ಏರುವ ತನಕ ಮಾಡಿ. ಹತ್ತುವಾಗ ಪಕ್ಕದವರ ಜೊತೆ ಪೂರ್ತಿ ಒಂದು ವಾಕ್ಯ ಮಾತಾಡಲು ಆಗಬೇಕು. ಮಾತು ಅರ್ಧಕ್ಕೆ ಕಡಿದು ಏದುಸಿರು ಬಂದರೆ ನೀವು ಜೋರಾಗಿ ಹೋಗುತ್ತಿದ್ದೀರಿ, ನಿಧಾನ ಮಾಡಿ. ಈ ನಿಧಾನವನ್ನು ಇಲ್ಲೇ ಕಲಿಯಬೇಕು, ಯಾಕೆಂದರೆ ಅಲ್ಲಿ ಗೈಡ್‌ಗಳು ಬೆಳಗ್ಗೆಯಿಂದ ಸಂಜೆ ತನಕ "ಪೋಲೆ ಪೋಲೆ" ಅಂತ ಅದನ್ನೇ ಹೇಳುತ್ತಾರೆ, ನಮ್ಮ ಹುಡುಗರು ಮೊದಲ ದಿನ ಕೇಳುವುದಿಲ್ಲ, ಮೂರನೇ ದಿನ ಮಲಗಿಬಿಡುತ್ತಾರೆ.

ಶಹಾಪುರದ ಗುಡ್ಡಗಳು, ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತವಲ್ಲ, ಅವೂ ಒಳ್ಳೆಯ ತಾಲೀಮಿನ ಜಾಗ. ಬೀದರಿನವರಿಗೆ, ಕಲಬುರಗಿಯವರಿಗೆ ಚಿಂಚೋಳಿ ಕಾಡು, ಚಂದ್ರಂಪಳ್ಳಿ ಸುತ್ತಲಿನ ಏರಿಳಿತ ಇದೆ, ಆದರೆ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ.

ತಿಂಗಳಿಗೊಂದು ಸಲ ಸ್ವಲ್ಪ ದೂರ ಹೋಗುವುದಾದರೆ ಎರಡು ಕಡೆ ಹೇಳುತ್ತೇನೆ. ಒಂದು, ಸೊಲ್ಲಾಪುರ ಮೇಲೆ ಪುಣೆಗೆ ರೈಲು ಹಿಡಿದು ಸಿಂಹಗಡ. ಇನ್ನೊಂದು, ಹೈದರಾಬಾದ್ ದಾಟಿ ಭುವನಗಿರಿಯ ಒಂಟಿ ಬಂಡೆ. ಬೀದರ್ ಗಡಿಯಾಚೆಯ ನಿಜಾಮಾಬಾದ್ ಜಿಲ್ಲೆಯ ಪಾಕಾಲ ಅನ್ನುವ ಹಳ್ಳಿಯ ಮಾಲಾವತ್ ಪೂರ್ಣಾ ಅನ್ನುವ ಹುಡುಗಿ ಬೆಟ್ಟ ಹತ್ತುವುದನ್ನು ಮೊದಲು ಕಲಿತದ್ದು ಈ ಭುವನಗಿರಿ ಬಂಡೆಯ ಮೇಲೆ. 2014ರಲ್ಲಿ, 13ನೇ ವಯಸ್ಸಿಗೆ ಎವರೆಸ್ಟ್ ಹತ್ತಿದಳು, ಆಮೇಲೆ ಕಿಲಿಮಂಜಾರೋವನ್ನೂ ಹತ್ತಿದಳು. ನಮ್ಮಂಥದ್ದೇ ಬಿಸಿಲಿನ ಊರು, ಕೃಷಿ ಕೂಲಿ ಮಾಡುವ ಮನೆಯ ಹುಡುಗಿ. "ನಮ್ಮ ಕಡೆಯವರಿಗೆ ಇದೆಲ್ಲ ಎಲ್ಲಿ ಆಗುತ್ತೆ" ಅನ್ನುವವರಿಗೆ ಆ ಹುಡುಗಿಯ ಹೆಸರು ಹೇಳಿ.

ಕೊನೆಯ ಎರಡು ತಿಂಗಳು ಶನಿವಾರ ಐದಾರು ತಾಸು, ಭಾನುವಾರ ಮತ್ತೆ ಮೂರ್ನಾಲ್ಕು ತಾಸು ನಡೆಯಿರಿ. ದಣಿದ ಕಾಲಿನಲ್ಲಿ ಮರುದಿನ ಏಳುವ ಅಭ್ಯಾಸ ಬೇಕು. ಶೂ ಈ ಹೊತ್ತಿಗೆ ಕಾಲಿಗೆ ಒಗ್ಗಿರಬೇಕು. ಹೊಸ ಶೂ ಹಾಕಿಕೊಂಡು ವಿಮಾನ ಹತ್ತಬೇಡಿ, ಹಳೆಯದಾದ ಶೂವನ್ನೇ ಕಾಲಿಗೆ ಹಾಕಿಕೊಂಡು ಹೋಗಿ, ಬ್ಯಾಗು ಕಳೆದರೂ ಶೂ ಉಳಿಯುತ್ತದೆ.

ಇನ್ನು ಗುಟ್ಕಾ, ತಂಬಾಕು, ಸಿಗರೇಟು ಇದ್ದವರು ತಾಲೀಮು ಶುರು ಮಾಡುವ ದಿನವೇ ಬಿಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಡಾಕ್ಟರು, ಲಸಿಕೆ, ವಿಮೆ

ಬಿ.ಪಿ., ಶುಗರ್, ಅಸ್ತಮಾ, ಹೃದಯದ ತೊಂದರೆ ಇರುವವರು ಹಣ ಕಟ್ಟುವ ಮೊದಲೇ ಡಾಕ್ಟರಿಗೆ ತೋರಿಸಿ, ಆಮೇಲಲ್ಲ. ಎತ್ತರಕ್ಕೆ ಹೊಂದಿಕೊಳ್ಳಲು ಡಯಾಮಾಕ್ಸ್ ಅನ್ನುವ ಮಾತ್ರೆ ಇದೆ, ಅಸೆಟಾಜೋಲಮೈಡ್. ಡಾಕ್ಟರು ಬರೆದುಕೊಟ್ಟರೆ ಮಾತ್ರ ತಗೊಳ್ಳಿ, ಸಲ್ಫಾ ಔಷಧಿ ಆಗದವರು ಮೊದಲೇ ಹೇಳಿ. ಊರಲ್ಲೇ ಒಂದೆರಡು ದಿನ ತಗೊಂಡು ನೋಡುವುದು ಒಳ್ಳೆಯದು. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿ ಬರುತ್ತದೆ, ಗೊತ್ತಿದ್ದರೆ ಅಲ್ಲಿ ಗಾಬರಿ ಆಗುವುದಿಲ್ಲ.

ವಿಮಾನ ಮುಂಬೈಯಿಂದ ಆಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವುದು ರೂಢಿ. ಆ ಎರಡೂ ದೇಶ ಹಳದಿ ಜ್ವರದ ಪಟ್ಟಿಯಲ್ಲಿವೆ, ಹಾಗಾಗಿ ಲಸಿಕೆ ಹಾಕಿಸಿಕೊಂಡು ಕಾರ್ಡ್ ಇಟ್ಟುಕೊಳ್ಳಿ. ಅಲ್ಲಿ ಇಳಿಯುವಾಗಲೂ ಕೇಳಬಹುದು, ಭಾರತಕ್ಕೆ ವಾಪಸ್ ಬರುವಾಗಲೂ ಕೇಳಬಹುದು. ಈ ಲಸಿಕೆ ಎಲ್ಲ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ನಮಗೆ ಹೈದರಾಬಾದ್, ಬೆಂಗಳೂರು ಅಥವಾ ಮುಂಬೈ. ಹಾಕಿಸಿಕೊಂಡ 10 ದಿನದ ಮೇಲೆ ಅದಕ್ಕೆ ಬೆಲೆ, ಆದ್ದರಿಂದ ಹೊರಡುವ ವಾರ ಓಡಾಡಬೇಡಿ. ಒಂದು ಸಲ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾ ಮಾತ್ರೆಯ ಬಗ್ಗೆಯೂ ಅದೇ ಸಲ ಕೇಳಿಬಿಡಿ.

ವಿಮೆ ಕೊಳ್ಳುವಾಗ ಒಂದೇ ಪ್ರಶ್ನೆ: 6,000 ಮೀಟರ್ ತನಕ ಚಾರಣಕ್ಕೆ, ಹೆಲಿಕಾಪ್ಟರಿನಲ್ಲಿ ಇಳಿಸುವುದಕ್ಕೆ ಹಣ ಕೊಡುತ್ತೀರಾ? ಮಾಮೂಲಿ ಪ್ರವಾಸ ವಿಮೆಗಳಲ್ಲಿ ಬಹಳಷ್ಟಕ್ಕೆ ಎತ್ತರದ ಮಿತಿ ಇರುತ್ತದೆ. ಉತ್ತರ ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತಗೊಳ್ಳಿ.

ಏನು ಒಯ್ಯಬೇಕು

ದಪ್ಪ ಜಾಕೆಟ್ಟು, ಮಲಗುವ ಚೀಲ, ಕೋಲು ಇವೆಲ್ಲ ಬೆಟ್ಟದ ಬುಡದ ಮೋಶಿ ಊರಲ್ಲಿ ಬಾಡಿಗೆಗೆ ಸಿಗುತ್ತವೆ. ಕಲಬುರಗಿಯಲ್ಲಿ ಇನ್ನೊಂದು ಸಲ ಹಾಕಲಾಗದ ಜಾಕೆಟ್ಟಿಗೆ ಸಾವಿರಗಟ್ಟಲೆ ಸುರಿಯುವುದು ಯಾಕೆ? ಸ್ವಂತದ್ದು ಬೇಕಾದದ್ದು ಶೂ, ಉಲ್ಲನ್ ಕಾಲುಚೀಲ, ಮೈಗೆ ಅಂಟುವ ಥರ್ಮಲ್, ತಲೆಗೆ ಕಟ್ಟುವ ಟಾರ್ಚು. ಹತ್ತಿ ಬನಿಯನ್ ಬೇಡ. ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ, ಚಳಿ ಹಿಡಿಯುತ್ತದೆ. ಗ್ಲೌಸ್ ಎರಡು ಜೊತೆ, ತೆಳುವಿನ ಮೇಲೆ ದಪ್ಪ.

ನಮ್ಮವರು ಎಲ್ಲವನ್ನೂ ಕ್ಯಾರಿಬ್ಯಾಗಿನಲ್ಲಿ ಕಟ್ಟುತ್ತಾರೆ. ತಾಂಜಾನಿಯಾದಲ್ಲಿ 2019ರ ಜೂನಿನಿಂದ ಪ್ಲಾಸ್ಟಿಕ್ ಚೀಲ ನಿಷೇಧ. ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಬಳಸಿ.

ಊಟದ ವಿಷಯ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, ಅಡುಗೆಯವರು ಅನ್ನ, ತರಕಾರಿ, ಸೂಪು, ಚಪಾತಿ ಚೆನ್ನಾಗಿ ಮಾಡಿಕೊಡುತ್ತಾರೆ, ಚಾಯ್ ಅಂದರೆ ಅವರಿಗೂ ಚಾಯ್. ಆದರೆ 4,000 ಮೀಟರ್ ದಾಟಿದ ಮೇಲೆ ಹಸಿವೇ ಸಾಯುತ್ತದೆ, ಯಾವುದೂ ರುಚಿಸುವುದಿಲ್ಲ. ಆಗ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಡಬ್ಬಿ ತೆಗೆಯಿರಿ. ರೊಟ್ಟಿ ಚೂರಾದರೂ ಕೆಡುವುದಿಲ್ಲ, ಹಿಂಡಿಯ ವಾಸನೆಗೇ ಬಾಯಲ್ಲಿ ನೀರು ಬರುತ್ತದೆ, ಪಕ್ಕದ ಟೆಂಟಿನವರೂ ಬಂದು ಕೂರುತ್ತಾರೆ. ಹಿಂಡಿಯಲ್ಲಿ ಖಾರ ಮಾತ್ರ ಕಡಿಮೆ ಇರಲಿ, ಬೆಟ್ಟದ ಮೇಲೆ ಹೊಟ್ಟೆ ಕೆಟ್ಟರೆ ಬಹಳ ಕಷ್ಟ.

ದಾರಿಯಲ್ಲಿ ಕಾಣುವುದು

ಕೆಳಗೆ ಚಗ್ಗಾ ಜನರ ಬಾಳೆ, ಕಾಫಿ ತೋಟ. ಆಮೇಲೆ ದಟ್ಟ ಮಳೆಕಾಡು, ಕಪ್ಪುಬಿಳುಪು ಕೊಲೊಬಸ್ ಮಂಗಗಳು. ಕಾಡು ಮುಗಿದರೆ ಕುರುಚಲು, ಅದೂ ಮುಗಿದರೆ ಬರೀ ಕಲ್ಲು, ಕೊನೆಗೆ ಹಿಮ. ಆರೇಳು ದಿನದಲ್ಲಿ ಇಷ್ಟೆಲ್ಲ ಕಾಣಲು ಸಿಗುವುದು ಬಿಸಿ ದೇಶದ ಎತ್ತರದ ಬೆಟ್ಟಗಳಲ್ಲಿ ಮಾತ್ರ.

ಬರಾಂಕೊ ಕಣಿವೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಅಲ್ಲಿ ದೈತ್ಯ ಸೆನೆಸಿಯೊ ಗಿಡಗಳಿವೆ, ಆಳಿಗಿಂತ ಎಷ್ಟೋ ಎತ್ತರ, ಕೊಂಬೆಯ ತುದಿಯಲ್ಲಿ ಮಾತ್ರ ಹಸಿರು. ಹತ್ತಿರ ಹೋಗಿ ಕಾಂಡ ನೋಡಿ. ಒಣಗಿದ ಎಲೆಯನ್ನು ಅದು ಉದುರಿಸುವುದಿಲ್ಲ, ವರ್ಷಗಟ್ಟಲೆಯ ಎಲೆ ಕಾಂಡಕ್ಕೆ ದಪ್ಪಗೆ ಸುತ್ತಿಕೊಂಡೇ ಇರುತ್ತದೆ, ರಾತ್ರಿಯ ಚಳಿ ಒಳಗೆ ತಾಗದ ಹಾಗೆ. ಪಕ್ಕದಲ್ಲಿ ಲೊಬೆಲಿಯಾ ಇರುತ್ತದೆ, ಕತ್ತಲಾದರೆ ಎಲೆ ಮುಚ್ಚಿಕೊಂಡು ನಡುವಿನ ಮೊಗ್ಗು ಕಾಯುತ್ತದೆ. ಸಮಭಾಜಕದ ಹತ್ತಿರ ವರ್ಷವಿಡೀ ಹಗಲು ರಾತ್ರಿ ಹೆಚ್ಚುಕಡಿಮೆ ಸಮ, ಬೇರೆ ಬೇಸಿಗೆ, ಬೇರೆ ಚಳಿಗಾಲ ಅಂತ ಇಲ್ಲ. ದಿನಾ ಹಗಲು ಬೇಸಿಗೆ, ದಿನಾ ರಾತ್ರಿ ಚಳಿಗಾಲ. ಆ ಗಿಡ ಬದುಕಲು ಮಾಡಿದ್ದನ್ನೇ ನೀವೂ ಮಾಡಬೇಕು: ಹಗಲು ತೆಳ್ಳಗೆ, ಸೂರ್ಯ ಇಳಿಯುವ ಮೊದಲೇ ಒಂದರ ಮೇಲೊಂದು ಬಟ್ಟೆ. ಚಳಿ ಹತ್ತಿದ ಮೇಲೆ ಹಾಕಿಕೊಂಡರೆ ತಡವಾಯಿತು. ಹಗಲಿನ ಬಿಸಿಲೂ ಚುರುಕು, ಕಪ್ಪು ಮೈಯೂ ಸುಡುತ್ತದೆ, ಮೂಗಿಗೆ, ಕಿವಿಗೆ ಕ್ರೀಮ್ ಹಚ್ಚಿ, ಕಪ್ಪು ಕನ್ನಡಕ ಬಿಡಬೇಡಿ.

ಬರಾಂಕೊ ಗೋಡೆ ಅನ್ನುವ ಕಡಿದಾದ ಬಂಡೆ ನೋಡಿ ಹೆದರಬೇಡಿ, ಕೈ ಹಚ್ಚಿ ಹತ್ತುವುದು ಅಷ್ಟೇ, ಹಗ್ಗ ಬೇಕಿಲ್ಲ.

ಕೊನೆಯ ರಾತ್ರಿ

ಲೆಮೋಶೋ, ಮಚಾಮೆ ದಾರಿಯಲ್ಲಿ ತುದಿಗೆ ಮೊದಲಿನ ಕೊನೆಯ ಕ್ಯಾಂಪು ಬರಾಫು, ಸುಮಾರು 4,650 ಮೀಟರಿನಲ್ಲಿದೆ. ಸಂಜೆ ಬೇಗ ಉಣ್ಣಿಸಿ ಮಲಗಲು ಹೇಳುತ್ತಾರೆ, ನಿದ್ದೆ ಬರುವುದಿಲ್ಲ. ಕಣ್ಣು ಹತ್ತಿದರೂ ಉಸಿರು ನಿಂತಂತಾಗಿ ಥಟ್ಟನೆ ಎಚ್ಚರ ಆಗಬಹುದು. ಎತ್ತರದಲ್ಲಿ ಇದು ಸಹಜ, ಸುಮ್ನೆ ಮಲಗಿರಿ, ಮೈಗೆ ವಿಶ್ರಾಂತಿ ಸಿಕ್ಕರೆ ಸಾಕು.

ಹನ್ನೊಂದಕ್ಕೆ, ಹನ್ನೆರಡಕ್ಕೆ ಎಬ್ಬಿಸುತ್ತಾರೆ. ನೀರಿನ ಬಾಟಲಿಗೆ ಬಿಸಿನೀರು ತುಂಬಿ, ಕಾಲುಚೀಲದೊಳಗೆ ತೂರಿಸಿ, ತಲೆಕೆಳಗಾಗಿ ಚೀಲದಲ್ಲಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಬಾಟಲಿ ತಲೆಕೆಳಗಿದ್ದರೆ ಮುಚ್ಚಳದ ಕಡೆ ನೀರಾಗಿಯೇ ಉಳಿಯುತ್ತದೆ, ಮುಚ್ಚಳ ಬಿಗಿಯಾಗಿದೆಯಾ ಎರಡು ಸಲ ನೋಡಿ. ಪೈಪಿನಲ್ಲಿ ಹೀರುವ ನೀರಿನ ಚೀಲ ನಂಬಬೇಡಿ, ಪೈಪು ಮೊದಲು ಹೆಪ್ಪುಗಟ್ಟುತ್ತದೆ. ಮೊಬೈಲು ಒಳಗಿನ ಜೇಬಿನಲ್ಲಿ, ಮೈಗೆ ತಾಗುವ ಹಾಗೆ, ಇಲ್ಲದಿದ್ದರೆ ತುದಿ ಮುಟ್ಟುವ ಹೊತ್ತಿಗೆ ಬ್ಯಾಟರಿ ಇರುವುದಿಲ್ಲ. ಚಿಕ್ಕಿ, ಬೆಲ್ಲದ ಚೂರೂ ಅದೇ ಜೇಬಿಗೆ.

ಆಮೇಲೆ ಆರೇಳು ತಾಸು ಕತ್ತಲಲ್ಲಿ ಏರುವುದು. ಮೇಲೆ ಹೋದಂತೆ ನೆಲ ಸಡಿಲ ಜಲ್ಲಿ, ಜೋಳದ ರಾಶಿ ಮೇಲೆ ನಡೆದಂತೆ, ಎರಡು ಹೆಜ್ಜೆ ಹೋದರೆ ಒಂದು ಜಾರುತ್ತದೆ. ಮುಂದಿನವರ ಹಿಮ್ಮಡಿ ನೋಡುತ್ತಾ ಹೋಗಿ, ತಲೆ ಎತ್ತಿ ಮೇಲಿನ ಟಾರ್ಚುಗಳ ಸಾಲು ನೋಡಬೇಡಿ, ಅದು ಮುಗಿಯುವಂತೆ ಕಾಣುವುದಿಲ್ಲ. ಒಂದು ಹೆಜ್ಜೆ, ಒಂದು ಉಸಿರು. ನಿಲ್ಲುವುದಾದರೆ ಎರಡು ನಿಮಿಷ, ಜಾಸ್ತಿ ಕೂತರೆ ಚಳಿ ಒಳಗಿಳಿಯುತ್ತದೆ. 5,756 ಮೀಟರಿನ ಸ್ಟೆಲ್ಲಾ ಪಾಯಿಂಟ್ ಮುಟ್ಟಿದರೆ ಕಡಿದಾದ ಏರು ಮುಗಿಯಿತು, ಅಲ್ಲಿಂದ ಜ್ವಾಲಾಮುಖಿಯ ಬಾಯಿಯ (ಈ ಬೆಟ್ಟವೇ ಒಂದು ಜ್ವಾಲಾಮುಖಿ) ಅಂಚಿನಲ್ಲಿ ಉಹುರು ಅನ್ನುವ ತುದಿಗೆ ಇನ್ನೊಂದು ಮುಕ್ಕಾಲು ತಾಸು. 1889ರಲ್ಲಿ ಹಾನ್ಸ್ ಮೇಯರ್, ಲುಡ್ವಿಗ್ ಪುರ್ಟ್‌ಶೆಲ್ಲರ್ ಇಲ್ಲಿಗೆ ಮೊದಲು ಬಂದಾಗ ದಾರಿಯಲ್ಲಿ ಹಿಮ ಕಡಿದು ಮೆಟ್ಟಿಲು ಮಾಡಬೇಕಾಗಿತ್ತು. 1912ರಿಂದ ಈಚೆಗೆ ಶೇ. 80ಕ್ಕೂ ಹೆಚ್ಚು ಹಿಮ ಹೋಗಿಬಿಟ್ಟಿದೆ. ಉಳಿದ ನೀಲಿ ಗೋಡೆಗಳು ಬೆಳಗಿನ ಬೆಳಕಿನಲ್ಲಿ ಎಡಗಡೆ ಕಾಣುತ್ತವೆ, ಫೋಟೋಗೆ ಮೊದಲು ಕಣ್ಣಲ್ಲಿ ನೋಡಿ.

ಯಾವಾಗ ಇಳಿದುಬಿಡಬೇಕು

ತಲೆನೋವು, ಜೊತೆಗೆ ವಾಕರಿಕೆ ಅಥವಾ ತಲೆಸುತ್ತು ಇದ್ದರೆ ಅವತ್ತು ಮೇಲೆ ಹೋಗಬಾರದು. ನಡೆಯುವಾಗ ಕುಡಿದವರ ಹಾಗೆ ತೂರಾಡಿದರೆ, ಮಾತು ತೊದಲಿದರೆ ಮಿದುಳಿನಲ್ಲಿ ನೀರು ತುಂಬುತ್ತಿರಬಹುದು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ಹಚ್ಚಿ ನೇರ ಗೆರೆಯಲ್ಲಿ ನಡೆಸಿ ನೋಡಿ, ಆಗದಿದ್ದರೆ ಇಳಿಸಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಈ ಎರಡರಲ್ಲಿ ಯಾವುದೇ ಆದರೂ ಬೆಳಗಾಗಲಿ ಅಂತ ಕಾಯಬಾರದು, ರಾತ್ರಿಯೇ, ಆಗಲೇ ಕೆಳಗೆ. ತಲೆನೋವನ್ನು ಗೈಡ್‌ನಿಂದ ಮುಚ್ಚಿಡಬೇಡಿ. ಹಣ ಕಟ್ಟಿದ್ದೇವೆ, ಊರಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೇವೆ ಅಂತ ಸುಳ್ಳು ಹೇಳುವವರು ಇರುತ್ತಾರೆ, ಜೀವ ಹೋಗುವುದು ಅಲ್ಲೇ. ಗೈಡ್ ಇಳಿ ಅಂದರೆ ವಾದ ಬೇಡ.

ನಿಮ್ಮ ಸಾಮಾನು ಹೊರುವ ಪೋರ್ಟರ್‌ಗಳ ಬಗ್ಗೆ ಕಂಪನಿಗೆ ಹಣ ಕಟ್ಟುವ ಮೊದಲೇ ಕೇಳಿ: ಕೂಲಿ ಎಷ್ಟು, ದಿನಕ್ಕೆ ಎಷ್ಟು ಹೊತ್ತು ಊಟ, ಮಲಗಲು ಟೆಂಟ್ ಇದೆಯಾ. ಒಬ್ಬರ ಹೊರೆ 20 ಕಿಲೋ ದಾಟಬಾರದು. ಉತ್ತರ ಕೊಡಲು ತಡಬಡಾಯಿಸುವ ಕಂಪನಿ ಎಷ್ಟೇ ಅಗ್ಗ ಇರಲಿ, ಬಿಡಿ. ಟಿಪ್ಸ್ ಹಣ ಬಜೆಟ್ಟಿನಲ್ಲಿ ಮೊದಲೇ ಎತ್ತಿಡಿ.

ಇಳಿಯುವ ದಿನ ತುದಿಯಿಂದ ಮ್ವೆಕಾ ಕ್ಯಾಂಪಿಗೆ ಸುಮಾರು 2,800 ಮೀಟರ್ ಒಂದೇ ದಿನದಲ್ಲಿ. ಕಾಲಿನ ಉಗುರು ಹಿಂದಿನ ದಿನವೇ ಚಿಕ್ಕದಾಗಿ ಕತ್ತರಿಸಿ, ಶೂ ಲೇಸು ಬಿಗಿ ಕಟ್ಟಿ, ಎರಡೂ ಕೋಲು ಬಳಸಿ. ಮಲೇರಿಯಾ ಮಾತ್ರೆ ಊರಿಗೆ ಬಂದ ಮೇಲೂ ಡಾಕ್ಟರು ಹೇಳಿದಷ್ಟು ದಿನ ಮುಂದುವರಿಸಿ. ಬಂದ ಮೇಲೆ ತಿಂಗಳೊಪ್ಪತ್ತಿನಲ್ಲಿ ಜ್ವರ ಬಂದರೆ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಬೇಡಿ, ಡಾಕ್ಟರ ಹತ್ತಿರ ಹೋಗಿ ಆಫ್ರಿಕಾಕ್ಕೆ ಹೋಗಿ ಬಂದಿದ್ದೇನೆ ಅಂತ ಮೊದಲ ಮಾತಿನಲ್ಲೇ ಹೇಳಿ.